ಆರು ಗಂಟೆಯ ಅಂತರ: ಸಿಸ್‌ಪ್ಲಾಟಿನ್, ಮಕ್ಕಳ ಕಿವಿ ಮತ್ತು ಸೋಡಿಯಂ ಥಯೋಸಲ್ಫೇಟ್

ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧದ ಡ್ರಿಪ್ ಮುಗಿದ ಮೇಲೆ ಆರು ಗಂಟೆ ಕಾಯಬೇಕು. ಆ ಅವಧಿ ಕಳೆದ ಬಳಿಕ ಸೋಡಿಯಂ ಥಯೋಸಲ್ಫೇಟ್ ಎಂಬ ಲವಣದ ದ್ರಾವಣವನ್ನು ಹದಿನೈದು ನಿಮಿಷಗಳಲ್ಲಿ ಮಗುವಿನ ರಕ್ತನಾಳಕ್ಕೆ ಹರಿಸುತ್ತಾರೆ. ಮೊದಲನೆಯ ಔಷಧ ಯಕೃತ್ತಿನ ಗಡ್ಡೆಯನ್ನು ಕೊಲ್ಲುವುದಕ್ಕೆ. ಎರಡನೆಯದು ಅದೇ ಮಗುವಿನ ಕಿವಿಯನ್ನು ಉಳಿಸುವುದಕ್ಕೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಥಯೋಸಲ್ಫೇಟ್ ಸಿಸ್‌ಪ್ಲಾಟಿನ್ನನ್ನು ರಕ್ತದಲ್ಲಿಯೇ ಹಿಡಿದು ನಿಷ್ಕ್ರಿಯಗೊಳಿಸುತ್ತದೆ, ಕಿವಿಯ ಜೊತೆಗೆ ಗಡ್ಡೆಯೂ ಉಳಿದುಕೊಳ್ಳುತ್ತದೆ. ಕಿಮೊಥೆರಪಿಯ ಅಡ್ಡಪರಿಣಾಮಗಳನ್ನು ತಗ್ಗಿಸುವ ರಕ್ಷಕ ವಸ್ತುಗಳ ಬಗ್ಗೆ, ಅವು ಪ್ರಯೋಗಶಾಲೆಯಲ್ಲಿ ತಯಾರಾದವಾಗಿರಲಿ ಗಿಡಮೂಲಿಕೆಯಿಂದ ಬಂದವಾಗಿರಲಿ, ಮೊದಲು ಕೇಳಬೇಕಾದ ಪ್ರಶ್ನೆ ಈ ಆರು ಗಂಟೆಯೊಳಗಿದೆ ಎಂದು ನಾನು ನಂಬುತ್ತೇನೆ. ಆ ಕಾರಣಕ್ಕಾಗಿಯೇ ಈ ಒಂದು ಪ್ರಕರಣವನ್ನು ಇಲ್ಲಿ ವಿವರವಾಗಿ ನೋಡುತ್ತಿದ್ದೇನೆ.

ರೋಗ ಮತ್ತು ಔಷಧ

ಹೆಪಟೊಬ್ಲಾಸ್ಟೋಮಾ ಎಂಬುದು ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಯಕೃತ್ತಿನ ಕ್ಯಾನ್ಸರ್. ಬಹುಪಾಲು ಮೂರು ವರ್ಷ ತುಂಬದ ಮಕ್ಕಳಿಗೆ ಬರುತ್ತದೆ. ಅವಧಿಗೆ ಮೊದಲೇ, ತೀರಾ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಲ್ಲಿ ಇದರ ಅಪಾಯ ಹೆಚ್ಚು. ಮಗುವಿಗೆ ಸ್ನಾನ ಮಾಡಿಸುವಾಗಲೋ ಬಟ್ಟೆ ತೊಡಿಸುವಾಗಲೋ ಹೊಟ್ಟೆಯ ಬಲಭಾಗ ಗಟ್ಟಿಯಾಗಿರುವುದು ಕೈಗೆ ತಾಕುತ್ತದೆ, ಸ್ಕ್ಯಾನ್‌ನಲ್ಲಿ ಗಡ್ಡೆ ಕಾಣುತ್ತದೆ, ರಕ್ತದಲ್ಲಿ ಆಲ್ಫಾ ಫೀಟೊಪ್ರೋಟೀನ್ ಎಂಬ ಅಂಶ ವಿಪರೀತ ಏರಿರುತ್ತದೆ. ಗಡ್ಡೆ ಯಕೃತ್ತಿನೊಳಗೇ ಉಳಿದಿದ್ದು ಬೇರೆಡೆಗೆ ಹರಡಿಲ್ಲವಾದರೆ ಅದನ್ನು ಸಾಮಾನ್ಯ ಅಪಾಯದ ಗುಂಪಿಗೆ ಸೇರಿಸುತ್ತಾರೆ. ಈ ಗುಂಪಿನ ಮಕ್ಕಳಿಗೆ ಸಿಸ್‌ಪ್ಲಾಟಿನ್ ಒಂದನ್ನೇ ಕೊಟ್ಟರೂ ಡಾಕ್ಸೊರುಬಿಸಿನ್ ಎಂಬ ಇನ್ನೊಂದು ಔಷಧವನ್ನು ಸೇರಿಸಿದಾಗಿನಷ್ಟೇ ಒಳ್ಳೆಯ ಫಲ ಸಿಗುತ್ತದೆ ಎಂದು 2009ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದು ತೋರಿಸಿಕೊಟ್ಟಿತು. ಹೃದಯಕ್ಕೆ ಹಾನಿ ಮಾಡುವ ಆ ಔಷಧ ಇದರಿಂದ ಚಿಕಿತ್ಸೆಯಿಂದ ಹೊರಬಿದ್ದಿತು. ಉಳಿದದ್ದು ಸಿಸ್‌ಪ್ಲಾಟಿನ್, ಮತ್ತು ಅದು ಕಿವಿಗೆ ಮಾಡುವ ಹಾನಿ.

ಸಿಸ್‌ಪ್ಲಾಟಿನ್ ಪ್ಲಾಟಿನಂ ಲೋಹದ ಒಂದು ಸಂಯುಕ್ತ. 1845ರಲ್ಲಿ ಇಟಲಿಯ ಮಿಕೇಲೆ ಪೆರೋನೆ ಇದನ್ನು ಮೊದಲು ತಯಾರಿಸಿದರೂ ನೂರಿಪ್ಪತ್ತು ವರ್ಷ ಅದಕ್ಕೂ ರೋಗಕ್ಕೂ ಸಂಬಂಧವಿದೆಯೆಂದು ಯಾರಿಗೂ ತೋಚಿರಲಿಲ್ಲ. ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಅವರು ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪರಿಣಾಮವನ್ನು ನೋಡುತ್ತಿದ್ದಾಗ ಅವು ವಿಭಜನೆಯಾಗದೆ ಉದ್ದಕ್ಕೆ ಬೆಳೆಯತೊಡಗಿದವು. ಕಾರಣ ವಿದ್ಯುತ್ತಲ್ಲ, ಪ್ಲಾಟಿನಂ ಎಲೆಕ್ಟ್ರೋಡ್‌ಗಳಿಂದ ದ್ರಾವಣಕ್ಕೆ ಬಿಟ್ಟುಕೊಂಡ ಸಂಯುಕ್ತ ಎಂಬುದು 1965ರಲ್ಲಿ ಪ್ರಕಟವಾಯಿತು. 1978ರಲ್ಲಿ ಅಮೆರಿಕದಲ್ಲಿ ಇದಕ್ಕೆ ಔಷಧವಾಗಿ ಒಪ್ಪಿಗೆ ಸಿಕ್ಕಿತು. ಜೀವಕೋಶದ ಡಿಎನ್‌ಎ ಎಳೆಗಳಿಗೆ ಅಡ್ಡಬೆಸುಗೆ ಹಾಕಿದಂತೆ ಅಂಟಿಕೊಂಡು ಅದರ ವಿಭಜನೆಯನ್ನು ನಿಲ್ಲಿಸುವುದು ಈ ಔಷಧದ ಕೆಲಸ.

ಇದರ ಅಡ್ಡಪರಿಣಾಮಗಳಲ್ಲಿ ಮೂರು ಮುಖ್ಯವಾದವು. ವಾಂತಿಯನ್ನು ಒಂಡಾನ್ಸೆಟ್ರಾನ್‌ನಂಥ ಔಷಧಗಳಿಂದ ಬಹುಮಟ್ಟಿಗೆ ತಡೆಯಬಹುದು. ಮೂತ್ರಪಿಂಡದ ಹಾನಿಯನ್ನು ಧಾರಾಳವಾಗಿ ಸಲೈನ್ ಹರಿಸಿ ತಗ್ಗಿಸಬಹುದು. ಕಿವಿಯ ಹಾನಿಗೆ ಮಾತ್ರ ಬಹುಕಾಲ ಯಾವ ಉಪಾಯವೂ ಇರಲಿಲ್ಲ.

ಕಿವಿಯಲ್ಲಿ ಏನಾಗುತ್ತದೆ

ಒಳಕಿವಿಯಲ್ಲಿ ಶಂಖದ ಸುರುಳಿಯಂಥ ಕಾಕ್ಲಿಯ ಎಂಬ ಅಂಗವಿದೆ. ಅದರ ಬುಡದ ಸುತ್ತಿನಲ್ಲಿರುವ ಹೊರ ರೋಮಕೋಶಗಳು ಅತಿ ಎತ್ತರದ ಸ್ವರಗಳಿಗೆ ಸ್ಪಂದಿಸುತ್ತವೆ. ತುದಿಯ ಕಡೆಗೆ ಹೋದಂತೆ ತಗ್ಗಿನ ಸ್ವರಗಳು. ಸಿಸ್‌ಪ್ಲಾಟಿನ್ ಮೊದಲು ಕೊಲ್ಲುವುದು ಬುಡದ ಕೋಶಗಳನ್ನು. ಒಂದೊಂದು ಸುತ್ತಿನ ಚಿಕಿತ್ಸೆಗೂ ಹಾನಿ ತುದಿಯ ಕಡೆಗೆ ಏರುತ್ತ ಹೋಗುತ್ತದೆ. ಮನುಷ್ಯರಲ್ಲಿ ಈ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇನ್ನೂ ಕಳವಳದ ಸಂಗತಿಯೆಂದರೆ, ಬೇರೆ ಅಂಗಗಳಿಂದ ದಿನಗಳಲ್ಲಿ, ವಾರಗಳಲ್ಲಿ ಹೊರಹೋಗುವ ಪ್ಲಾಟಿನಂ ಕಾಕ್ಲಿಯದಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿದುಬಿಡುತ್ತದೆ ಎಂದು 2017ರ ಸಂಶೋಧನೆಯೊಂದು ಇಲಿಗಳಲ್ಲಿಯೂ ಮನುಷ್ಯರ ಒಳಕಿವಿಯ ಅಂಗಾಂಶದಲ್ಲಿಯೂ ತೋರಿಸಿತು.

ಎತ್ತರದ ಸ್ವರ ಕೇಳಿಸದಿದ್ದರೆ ಏನಾಯಿತು, ಮಾತು ಕೇಳಿಸುತ್ತದಲ್ಲ ಎಂದು ಹಲವರು ಸಮಾಧಾನ ಹೇಳುತ್ತಾರೆ. ಈ ಸಮಾಧಾನ ತಪ್ಪು. ಮಾತಿನಲ್ಲಿ ಸ್ವರಾಕ್ಷರಗಳ ಬಲವೆಲ್ಲ ತಗ್ಗಿನ ಕಂಪನಗಳಲ್ಲಿದೆ. ‘ಸ’ಕಾರದಂಥ ವ್ಯಂಜನಗಳು ಹೊಮ್ಮುವುದು ನಾಲ್ಕು ಸಾವಿರ ಹರ್ಟ್ಜ್‌ಗೂ ಮೇಲೆ, ಎಂಟು ಸಾವಿರದ ಆಸುಪಾಸಿನವರೆಗೆ. ‘ಸಾಲು’, ‘ಹಾಲು’, ‘ಕಾಲು’, ‘ಪಾಲು’ ಎಂಬ ನಾಲ್ಕು ಮಾತುಗಳನ್ನು ಹಿಂದಿನಿಂದ ಯಾರಾದರೂ ಹೇಳಿದರೆ ಈ ಮಗುವಿಗೆ ‘ಆಲು’ ಎಂಬಷ್ಟೇ ಗಟ್ಟಿಯಾಗಿ ಕೇಳಿಸುತ್ತದೆ, ಉಳಿದದ್ದನ್ನು ತುಟಿ ನೋಡಿ, ಸಂದರ್ಭ ನೋಡಿ ಊಹಿಸಬೇಕು. ದೊಡ್ಡವರಿಗೆ ಊಹಿಸುವುದಕ್ಕೆ ಮನಸ್ಸಿನಲ್ಲಿ ಭಾಷೆ ಮೊದಲೇ ಇರುತ್ತದೆ. ಎರಡು ವರ್ಷದ ಮಗು ಭಾಷೆಯನ್ನು ಕಟ್ಟಿಕೊಳ್ಳುತ್ತಿರುವುದೇ ಆಗ. ಮನೆಯಲ್ಲಿ ಎದುರಿಗೆ ಕೂತು ಮಾತಾಡಿದಾಗ ಸರಿಯಾಗಿ ಉತ್ತರಿಸುವ ಮಗು ಶಾಲೆಯ ಗದ್ದಲದಲ್ಲಿ ಹಿಂದೆ ಬೀಳುತ್ತದೆ, ‘ಗಮನ ಕೊಡುವುದಿಲ್ಲ’ ಎಂಬ ಆಪಾದನೆಗೆ ಗುರಿಯಾಗುತ್ತದೆ. ಕ್ಯಾನ್ಸರ್ ವಾಸಿಯಾದ ಸಂತೋಷದ ಹಿಂದೆ ಈ ನಷ್ಟ ಕಣ್ಣಿಗೆ ಬೀಳದೆ ಉಳಿಯುವುದನ್ನು ನೆನೆದರೆ ನನಗೆ ಬಹಳ ನೋವಾಗುತ್ತದೆ.

ಸಾಮಾನ್ಯ ಅಪಾಯದ ಹೆಪಟೊಬ್ಲಾಸ್ಟೋಮಾ ಬಂದ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಇಂದು ಬದುಕುತ್ತಾರೆ. ಅಂದರೆ ಆ ಕಿವಿಯೊಂದಿಗೆ ಮುಂದಿನ ಅರವತ್ತು, ಎಪ್ಪತ್ತು ವರ್ಷ ಬಾಳಬೇಕಾದವರು ಅವರು.

ಸ್ಟುಡಿಯೋದ ಹೈಪೋ ಆಸ್ಪತ್ರೆಗೆ ಬಂದ ದಾರಿ

ಸೋಡಿಯಂ ಥಯೋಸಲ್ಫೇಟ್ ನಮ್ಮ ಊರುಗಳ ಹಳೆಯ ಫೋಟೊ ಸ್ಟುಡಿಯೋಗಳಲ್ಲಿ ‘ಹೈಪೋ’ ಎಂಬ ಹೆಸರಿನಿಂದ ಪರಿಚಿತವಾಗಿದ್ದ ಲವಣವೇ. ಕತ್ತಲ ಕೋಣೆಯಲ್ಲಿ ಫಿಲ್ಮನ್ನು ಅದರಲ್ಲಿ ಅದ್ದಿದರೆ ಬೆಳಕು ಬೀಳದೆ ಉಳಿದ ಬೆಳ್ಳಿಯ ಲವಣ ಕರಗಿ ಹೋಗಿ ಚಿತ್ರ ನಿಲ್ಲುತ್ತಿತ್ತು. ಬೆಳ್ಳಿಯ ಲವಣವನ್ನು ಕರಗಿಸುವ ಈ ಗುಣವನ್ನು ಜಾನ್ ಹರ್ಷೆಲ್ 1819ರಲ್ಲಿಯೇ ಗುರುತಿಸಿದ್ದರು. ಅದರಲ್ಲಿರುವ ಗಂಧಕ ಲೋಹಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಫಿಲ್ಮಿನ ಮೇಲೆ ಬೆಳ್ಳಿಯನ್ನು ಹಿಡಿದ ಗಂಧಕವೇ ರಕ್ತದಲ್ಲಿ ಪ್ಲಾಟಿನಂ ಅನ್ನು ಹಿಡಿಯುತ್ತದೆ, ಹಾಗೆ ಹಿಡಿದದ್ದು ಮೂತ್ರದ ಮೂಲಕ ಹೊರಹೋಗುತ್ತದೆ. ಸಯನೈಡ್ ವಿಷಕ್ಕೆ ಪ್ರತಿವಿಷವಾಗಿಯೂ ಇದು ಬಹಳ ಕಾಲದಿಂದ ಬಳಕೆಯಲ್ಲಿದೆ.

ಹಿಡಿಯುವ ಗುಣ ಮೊದಲೇ ಗೊತ್ತಿತ್ತು. ಕಷ್ಟವಿದ್ದದ್ದು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬಲ್ಲಿ. ಹೊಲಕ್ಕೆ ಬಿಟ್ಟ ನೀರು ಪೈರಿಗೂ ಕಳೆಗೂ ಒಂದೇ ರೀತಿ ಹರಿಯುತ್ತದೆ. 1980ರ ದಶಕದಲ್ಲಿ ವೈದ್ಯರು ಇದಕ್ಕೆ ಕಂಡುಕೊಂಡ ಮೊದಲ ಉಪಾಯ ಜಾಗವನ್ನು ಬೇರೆ ಮಾಡುವುದು: ಅಂಡಾಶಯದ ಕ್ಯಾನ್ಸರ್ ಹರಡಿದ ಹೊಟ್ಟೆಯ ಪೊಳ್ಳಿನೊಳಕ್ಕೆ ಸಿಸ್‌ಪ್ಲಾಟಿನ್ನನ್ನೂ ರಕ್ತನಾಳಕ್ಕೆ ಥಯೋಸಲ್ಫೇಟನ್ನೂ ಕೊಟ್ಟು ಮೂತ್ರಪಿಂಡವನ್ನು ಕಾಪಾಡಿದರು. ಆ ಬಳಿಕ ಅಮೆರಿಕದ ಒರೆಗಾನ್‌ನಲ್ಲಿ ಎಡ್ವರ್ಡ್ ನ್ಯೂವೆಲ್ಟ್ ಅವರ ತಂಡ ಜಾಗದ ಜೊತೆಗೆ ಸಮಯವನ್ನೂ ಬೇರ್ಪಡಿಸಿತು. ಮಿದುಳಿನ ಗಡ್ಡೆಯಿದ್ದ ರೋಗಿಗಳಲ್ಲಿ ಮಿದುಳಿಗೂ ರಕ್ತಕ್ಕೂ ನಡುವಿನ ತಡೆಯನ್ನು ತಾತ್ಕಾಲಿಕವಾಗಿ ತೆರೆದು, ಪ್ಲಾಟಿನಂನದೇ ಇನ್ನೊಂದು ಔಷಧವಾದ ಕಾರ್ಬೊಪ್ಲಾಟಿನ್ ಹರಿಸಿ, ಕೆಲವು ಗಂಟೆಗಳ ನಂತರ ಆ ತಡೆ ಮುಚ್ಚಿಕೊಂಡ ಮೇಲೆ ಥಯೋಸಲ್ಫೇಟ್ ಕೊಟ್ಟರು. ಅದು ಮಿದುಳನ್ನು ಹೊಗಲಾರದು, ಆದರೆ ಕಿವಿಯನ್ನು ತಲುಪಬಲ್ಲದು. ಮಕ್ಕಳ ಚಿಕಿತ್ಸೆಗೆ ದಾರಿ ತೆರೆದದ್ದು ಈ ಕೆಲಸ.

ಯಕೃತ್ತಿನ ಗಡ್ಡೆಗೆ ಅಂಥ ತಡೆಗೋಡೆ ಇಲ್ಲ. ಆದ್ದರಿಂದ ಇಲ್ಲಿ ಭರವಸೆಯೆಲ್ಲ ಸಮಯದ ಮೇಲೆಯೇ. ಸಿಸ್‌ಪ್ಲಾಟಿನ್ ರಕ್ತದಲ್ಲಿ ಬಿಡಿಯಾಗಿ ಇರುವ ಕಾಲ ಬಹಳ ಕಡಿಮೆ. ಕೆಲವೇ ಗಂಟೆಗಳಲ್ಲಿ ಒಂದಷ್ಟು ಮೂತ್ರಕ್ಕೆ ಹೋಗುತ್ತದೆ, ಒಂದಷ್ಟು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಗಡ್ಡೆಯ ಕೋಶಗಳನ್ನು ಹೊಕ್ಕದ್ದು ಡಿಎನ್‌ಎಗೆ ಬೆಸೆದುಕೊಂಡಿರುತ್ತದೆ. ಕಿವಿಯಲ್ಲಿ ಹಾನಿ ನಿಧಾನವಾಗಿ ನಡೆಯುತ್ತದೆ. ಆರು ಗಂಟೆಯ ಹೊತ್ತಿಗೆ ಗಡ್ಡೆಯ ಮೇಲಿನ ಕೆಲಸ ಬಹುಪಾಲು ಮುಗಿದಿರುತ್ತದೆ, ಕಿವಿಯನ್ನು ಉಳಿಸಿಕೊಳ್ಳುವ ಅವಕಾಶ ಮಾತ್ರ ಇನ್ನೂ ಮುಗಿದಿರುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ತರ್ಕ ಎಷ್ಟೇ ಒಪ್ಪವಾಗಿದ್ದರೂ ಮಕ್ಕಳಲ್ಲಿ ಪರೀಕ್ಷಿಸದೆ ಅದನ್ನು ನಂಬುವಂತಿರಲಿಲ್ಲ.

ಎರಡು ಪರೀಕ್ಷೆಗಳು, ಎರಡು ಬಗೆಯ ಉತ್ತರ

ಮಕ್ಕಳ ಯಕೃತ್ತಿನ ಗಡ್ಡೆಗಳ ಬಗ್ಗೆ ಕೆಲಸ ಮಾಡುವ ಅಂತರರಾಷ್ಟ್ರೀಯ ತಂಡವು ಸಿಯೋಪೆಲ್ 6 ಎಂಬ ಪರೀಕ್ಷೆಯನ್ನು 2007ರಲ್ಲಿ ಆರಂಭಿಸಿತು. ಒಂದು ತಿಂಗಳು ತುಂಬಿದ, ಹರಡದ ಹೆಪಟೊಬ್ಲಾಸ್ಟೋಮಾ ಇದ್ದ ಮಕ್ಕಳನ್ನು ಚೀಟಿ ಎತ್ತಿದ ರೀತಿಯಲ್ಲಿ ಎರಡು ಗುಂಪಿಗೆ ಹಂಚಲಾಯಿತು. ಎರಡೂ ಗುಂಪಿಗೆ ಆರು ಗಂಟೆಗಳ ಕಾಲ ಸಿಸ್‌ಪ್ಲಾಟಿನ್: ಶಸ್ತ್ರಚಿಕಿತ್ಸೆಗೆ ಮೊದಲು ನಾಲ್ಕು ಸುತ್ತು, ನಂತರ ಎರಡು. ಒಂದು ಗುಂಪಿಗೆ ಮಾತ್ರ ಪ್ರತಿ ಸುತ್ತಿನ ಸಿಸ್‌ಪ್ಲಾಟಿನ್ ಮುಗಿದ ಆರು ಗಂಟೆಗೆ ಥಯೋಸಲ್ಫೇಟ್. ಅದರ ಪ್ರಮಾಣ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 20 ಗ್ರಾಂ. ಹತ್ತು ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಇನ್ನೂ ಕಡಿಮೆ. ಮಿಲಿಗ್ರಾಂಗಳಲ್ಲಿ ಔಷಧವನ್ನು ಅಳೆದು ಅಭ್ಯಾಸವಾದವರಿಗೆ ಇದು ಅಗಾಧವೆನಿಸುತ್ತದೆ.

ಈ ಪರೀಕ್ಷೆಯನ್ನು ರೂಪಿಸಿದವರು ತಮ್ಮ ಭಯವನ್ನು ಮುಚ್ಚಿಡದೆ ಯೋಜನೆಯೊಳಗೇ ಬರೆದುಕೊಂಡಿದ್ದರು ಎಂಬುದು ನನಗೆ ಇಲ್ಲಿ ಮೆಚ್ಚುಗೆಯಾದ ಸಂಗತಿ. ಎರಡನೆಯ ಮತ್ತು ನಾಲ್ಕನೆಯ ಸುತ್ತಿನ ನಂತರ ಆಲ್ಫಾ ಫೀಟೊಪ್ರೋಟೀನ್ ಇಳಿಯುತ್ತಿದೆಯೇ, ಸ್ಕ್ಯಾನ್‌ನಲ್ಲಿ ಗಡ್ಡೆ ಕುಗ್ಗುತ್ತಿದೆಯೇ ಎಂದು ನೋಡಬೇಕು. ಗಡ್ಡೆ ಬೆಳೆಯುತ್ತಿದ್ದರೆ ಥಯೋಸಲ್ಫೇಟನ್ನು ನಿಲ್ಲಿಸಿ ಡಾಕ್ಸೊರುಬಿಸಿನ್ ಸೇರಿಸಬೇಕು. ಕಿವಿಗಾಗಿ ಜೀವವನ್ನು ಪಣಕ್ಕೊಡ್ಡಬಾರದು ಎಂಬ ಎಚ್ಚರ ಅದು.

ಫಲಿತಾಂಶಕ್ಕೆ ವರ್ಷಗಳೇ ಕಾಯಬೇಕಾಯಿತು, ಏಕೆಂದರೆ ಸ್ವರ ಕೇಳಿದಾಗ ಕೈ ಎತ್ತುವ ಪರೀಕ್ಷೆಗೆ ಮಗು ಸಹಕರಿಸುವುದು ಮೂರೂವರೆ ವರ್ಷದ ಬಳಿಕವೇ. 2018ರ ಜೂನ್‌ನಲ್ಲಿ ಪೆನೆಲೊಪಿ ಬ್ರಾಕ್ ಮತ್ತು ಸಂಗಡಿಗರು ವರದಿ ಪ್ರಕಟಿಸಿದರು. ಸಿಸ್‌ಪ್ಲಾಟಿನ್ ಮಾತ್ರ ಪಡೆದ ಗುಂಪಿನಲ್ಲಿ ಶ್ರವಣ ಪರೀಕ್ಷೆಗೆ ಸಿಕ್ಕ 46 ಮಕ್ಕಳಲ್ಲಿ 29 ಮಂದಿಗೆ, ಅಂದರೆ ಶೇಕಡ 63ರಷ್ಟು ಮಕ್ಕಳಿಗೆ, ಶ್ರವಣ ನಷ್ಟವಾಗಿತ್ತು. ಥಯೋಸಲ್ಫೇಟ್ ಕೂಡ ಪಡೆದ 55 ಮಕ್ಕಳಲ್ಲಿ ನಷ್ಟವಾದದ್ದು 18 ಮಂದಿಗೆ, ಶೇಕಡ 33. ಮೂರು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇಕಡ 92, ಎರಡನೆಯದರಲ್ಲಿ ಶೇಕಡ 98. ಗಡ್ಡೆಗೆ ರಕ್ಷಣೆ ಸಿಕ್ಕಿದ ಸುಳಿವು ಇಲ್ಲಿ ಕಾಣಲಿಲ್ಲ. ಆದರೂ ಮೂರರಲ್ಲಿ ಒಂದು ಮಗುವಿನ ಕಿವಿಗೆ ಥಯೋಸಲ್ಫೇಟ್ ಕೊಟ್ಟ ಮೇಲೂ ಪೆಟ್ಟಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಅಮೆರಿಕದ ಮಕ್ಕಳ ಕ್ಯಾನ್ಸರ್ ತಂಡ ನಡೆಸಿದ ಇನ್ನೊಂದು ಪರೀಕ್ಷೆಯ ವರದಿ ಇದಕ್ಕಿಂತ ಸ್ವಲ್ಪ ಮೊದಲು ಬಂದಿತ್ತು. ಅದರಲ್ಲಿ ಒಂದೇ ರೋಗವಲ್ಲ. ನ್ಯೂರೊಬ್ಲಾಸ್ಟೋಮಾ, ಮೂಳೆಯ ಕ್ಯಾನ್ಸರ್, ಮಿದುಳಿನ ಮೆಡುಲೊಬ್ಲಾಸ್ಟೋಮಾ, ಜರ್ಮ್ ಸೆಲ್ ಗಡ್ಡೆ, ಹೆಪಟೊಬ್ಲಾಸ್ಟೋಮಾ ಹೀಗೆ ಸಿಸ್‌ಪ್ಲಾಟಿನ್ ಬಳಸುವ ಹಲವು ರೋಗಗಳ 125 ಮಕ್ಕಳಿದ್ದರು. ಶ್ರವಣದ ವಿಷಯದಲ್ಲಿ ಉತ್ತರ ಒಂದೇ: ಥಯೋಸಲ್ಫೇಟ್ ಪಡೆದ 49 ಮಕ್ಕಳಲ್ಲಿ 14 ಮಂದಿಗೆ ನಷ್ಟ, ಪಡೆಯದ 55ರಲ್ಲಿ 31 ಮಂದಿಗೆ. ಐದು ವರ್ಷದೊಳಗಿನವರಲ್ಲಿ ಅಂತರ ಇನ್ನೂ ದೊಡ್ಡದು; ಒಂದು ಕಡೆ ಶೇಕಡ 21, ಇನ್ನೊಂದು ಕಡೆ ಶೇಕಡ 73.

ಬದುಕುಳಿದವರ ಲೆಕ್ಕದಲ್ಲಿ ಮಾತ್ರ ಆತಂಕ ಹುಟ್ಟಿಸುವ ಸಂಗತಿಯಿತ್ತು. ರೋಗ ಒಂದೇ ಕಡೆ ಉಳಿದಿದ್ದ ಮಕ್ಕಳಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವಿರಲಿಲ್ಲ. ರೋಗ ದೇಹದಲ್ಲಿ ಹರಡಿದ್ದ ಮಕ್ಕಳಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಥಯೋಸಲ್ಫೇಟ್ ಇಲ್ಲದ ಗುಂಪಿನಲ್ಲಿ ಶೇಕಡ 84, ಅದನ್ನು ಪಡೆದ ಗುಂಪಿನಲ್ಲಿ ಶೇಕಡ 45. ಈ ವಿಂಗಡಣೆಯನ್ನು ಮಾಡಿದ್ದು ಪರೀಕ್ಷೆ ಮುಗಿದ ಮೇಲೆ; ಸಂಖ್ಯೆಗಳು ಚಿಕ್ಕವು; ಮಕ್ಕಳನ್ನು ಗುಂಪಿಗೆ ಹಂಚುವಾಗ ರೋಗ ಹರಡಿದೆಯೇ ಇಲ್ಲವೇ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ; ರೋಗಗಳೂ ಸಿಸ್‌ಪ್ಲಾಟಿನ್ ಕೊಡುವ ಕ್ರಮಗಳೂ ಬೇರೆಬೇರೆ. ಆದ್ದರಿಂದ ಥಯೋಸಲ್ಫೇಟ್ ಆ ಮಕ್ಕಳ ಗಡ್ಡೆಯನ್ನು ಕಾಪಾಡಿತು ಎಂದು ಇದರಿಂದ ಸಿದ್ಧವಾಗುವುದಿಲ್ಲ. ಕಾಪಾಡಲಿಲ್ಲ ಎಂದೂ ಸಿದ್ಧವಾಗುವುದಿಲ್ಲ. ಇಷ್ಟು ದೊಡ್ಡ ಅಂತರವನ್ನು ಕಾಕತಾಳೀಯವೆಂದು ತಳ್ಳಿಹಾಕುವ ಧೈರ್ಯ ಯಾವ ವೈದ್ಯರಿಗೂ ಬರಲಾರದು, ಬರಬಾರದು ಕೂಡ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರ ಸೆಪ್ಟೆಂಬರ್ 20ರಂದು ಥಯೋಸಲ್ಫೇಟ್‌ಗೆ ಕಿವಿಯ ರಕ್ಷಕವಾಗಿ ಒಪ್ಪಿಗೆ ಕೊಟ್ಟಾಗ ಈ ಎರಡು ಉತ್ತರಗಳನ್ನೂ ಮುಂದಿಟ್ಟುಕೊಂಡಿತ್ತು. ಒಪ್ಪಿಗೆ ಸಿಕ್ಕಿದ್ದು ಒಂದು ತಿಂಗಳು ತುಂಬಿದ ಮಕ್ಕಳಿಗೆ, ಹರಡದ ಗಟ್ಟಿಗಡ್ಡೆಗಳಿಗೆ ಮಾತ್ರ. ಸಿಸ್‌ಪ್ಲಾಟಿನ್ನನ್ನು ದಿನವೂ ಕೊಡುವ ಕ್ರಮವಿದ್ದರೆ, ಥಯೋಸಲ್ಫೇಟ್‌ಗೂ ಮುಂದಿನ ಸಿಸ್‌ಪ್ಲಾಟಿನ್‌ಗೂ ನಡುವೆ ಕನಿಷ್ಠ ಹತ್ತು ಗಂಟೆ ಇರಬೇಕು ಎಂಬ ನಿಯಮವೂ ಸೇರಿತು. ಹಿಂದೆ ಆರು, ಮುಂದೆ ಹತ್ತು. ಔಷಧದ ಪರಿಣಾಮ ಈ ಎರಡು ಗಡುವುಗಳ ನಡುವೆ ನಿಂತಿದೆ.

ರಕ್ಷಕಕ್ಕೂ ತನ್ನದೇ ತೊಂದರೆಗಳಿವೆ. ವಾಂತಿ ಹೆಚ್ಚುತ್ತದೆ, ರಕ್ತದಲ್ಲಿ ಸೋಡಿಯಂ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಚದರ ಮೀಟರಿಗೆ 20 ಗ್ರಾಂ ಕೊಟ್ಟಾಗ ದೇಹಕ್ಕೆ ಸೇರುವ ಸೋಡಿಯಂ ಪ್ರತಿ ಚದರ ಮೀಟರಿಗೆ ಸುಮಾರು 162 ಮಿಲಿಮೋಲ್. ಒಂದು ಲೀಟರ್ ಸಾಧಾರಣ ಸಲೈನ್‌ನಲ್ಲಿರುವುದು 154. ತಿಂಗಳು ತುಂಬದ ಕೂಸಿನ ಮೂತ್ರಪಿಂಡ ಇಷ್ಟನ್ನು ಹದಿನೈದು ನಿಮಿಷದಲ್ಲಿ ತಾಳಿಕೊಳ್ಳಲಾರದು. ಸಯನೈಡ್ ವಿಷಕ್ಕೆಂದು ಇಟ್ಟಿರುವ ಥಯೋಸಲ್ಫೇಟ್ ಬಾಟಲಿಯನ್ನು ಇದರ ಬದಲಿಗೆ ಬಳಸಬಾರದೆಂಬ ಎಚ್ಚರಿಕೆಯೂ ಔಷಧದ ಮಾಹಿತಿಯಲ್ಲಿದೆ.

ಮನೆಯ ಕಷಾಯದ ಪ್ರಶ್ನೆ

ಕಿಮೊಥೆರಪಿಯ ನಡುವೆ ಮನೆಗೆ ಬಂದ ಮಗು ಊಟ ಬಿಟ್ಟು, ಬಣ್ಣಗೆಟ್ಟು ಮಲಗಿರುವುದನ್ನು ನೋಡುತ್ತ ಅಜ್ಜಿಯಾದವರು ಸುಮ್ಮನಿರಲು ಸಾಧ್ಯವಿಲ್ಲ. ಅಮೃತಬಳ್ಳಿಯ ಕಷಾಯ, ಅರಿಸಿನದ ಪುಡಿ, ನೆಲ್ಲಿಕಾಯಿಯ ಲೇಹ್ಯ, ಯಾರೋ ಊರಿಂದ ತಂದುಕೊಟ್ಟ ನಾರುಬೇರು ಒಂದೊಂದೂ ಪ್ರೀತಿಯಿಂದಲೇ ಬರುತ್ತದೆ. ಆ ಪ್ರೀತಿಯನ್ನು ಮೂಢನಂಬಿಕೆ ಎಂದು ಗದರಿಸುವ ವೈದ್ಯರ ರೀತಿ ನನಗೆ ಒಪ್ಪಿಗೆಯಿಲ್ಲ. ಗದರಿಸಿದರೆ ಮನೆಯವರು ಕೊಡುವುದನ್ನು ನಿಲ್ಲಿಸುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತಾರೆ. ಗಿಡಮೂಲದ ವಸ್ತುಗಳಲ್ಲಿ ರಕ್ಷಕ ಗುಣವೇ ಇಲ್ಲವೆಂಬುದೂ ನಿಜವಲ್ಲ. ಅರಿಸಿನದ ಕರ್ಕ್ಯುಮಿನ್ ಇಲಿಗಳಲ್ಲಿ ಸಿಸ್‌ಪ್ಲಾಟಿನ್‌ನಿಂದ ಆಗುವ ಕಿವಿಯ ಹಾನಿಯನ್ನು ತಗ್ಗಿಸಿದ್ದುಂಟು. ಮಿಲ್ಕ್ ಥಿಸಲ್ ಎಂಬ ಗಿಡದ ಸಾರವನ್ನು ರಕ್ತದ ಕ್ಯಾನ್ಸರ್ ಇದ್ದ 50 ಮಕ್ಕಳಲ್ಲಿ ಪರೀಕ್ಷಿಸಿ, ಯಕೃತ್ತಿನ ತೊಂದರೆಯ ಸೂಚಕವೊಂದು ಅದರಿಂದ ಇಳಿಯಿತೆಂದು 2010ರಲ್ಲಿ ವರದಿ ಮಾಡಿದ್ದಾರೆ.

ಆದರೆ ಥಯೋಸಲ್ಫೇಟ್‌ಗೆ ಕೇಳಿದ ಪ್ರಶ್ನೆಯನ್ನು ಇವಕ್ಕೂ ಕೇಳಲೇಬೇಕು: ಗಡ್ಡೆಯನ್ನೂ ಕಾಪಾಡುತ್ತದೆಯೇ? ಎಷ್ಟು ಹೊತ್ತಿನ ಬಳಿಕ ಕೊಟ್ಟರೆ ಕಾಪಾಡುವುದಿಲ್ಲ? ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ನಡೆದ 2002ರ ಅಧ್ಯಯನದಲ್ಲಿ ಕರ್ಕ್ಯುಮಿನ್ ಕೆಲವು ಕಿಮೊಥೆರಪಿ ಔಷಧಗಳ ಕೊಲ್ಲುವ ಶಕ್ತಿಯನ್ನು ಕುಗ್ಗಿಸಿತು. ಹಸಿರು ಚಹಾದ ಮುಖ್ಯ ಅಂಶವೊಂದು ಬೋರ್ಟೆಜೊಮಿಬ್ ಎಂಬ ಕ್ಯಾನ್ಸರ್ ಔಷಧಕ್ಕೆ ನೇರವಾಗಿ ಅಂಟಿಕೊಂಡು ಅದನ್ನು ನಿಷ್ಫಲಗೊಳಿಸುವುದು 2009ರಲ್ಲಿ ಬೆಳಕಿಗೆ ಬಂದಿತು. ಥಯೋಸಲ್ಫೇಟ್ ಪ್ಲಾಟಿನಂ ಅನ್ನು ಹಿಡಿಯುವಂತೆಯೇ ಇದು. ಆದರೆ ಇಲ್ಲಿ ಗಡಿಯಾರ ನೋಡುವವರಿಲ್ಲ. ದಿನಕ್ಕೆ ಮೂರು ಹೊತ್ತು ಕಷಾಯ ಕುಡಿಯುವ ಮಗುವಿನ ದೇಹದಲ್ಲಿ ಔಷಧಕ್ಕೂ ರಕ್ಷಕಕ್ಕೂ ನಡುವೆ ಅಂತರವೆಂಬುದೇ ಉಳಿದಿರುವುದಿಲ್ಲ.

ಯಕೃತ್ತಿನ ಗಡ್ಡೆಯ ಮಗುವಿಗೆ ಇನ್ನೊಂದು ಅಪಾಯವೂ ಇದೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ಸೇವಿಸಿದವರಲ್ಲಿ ಯಕೃತ್ತಿನ ಉರಿಯೂತ ಕಂಡುಬಂದ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ದಾಖಲಿಸಿದರು. ರಕ್ತದಲ್ಲಿ ಯಕೃತ್ತಿನ ಕಿಣ್ವಗಳು ಏರಿದ್ದು ಕಿಮೊಥೆರಪಿಯಿಂದಲೋ, ರೋಗದಿಂದಲೋ, ಕಷಾಯದಿಂದಲೋ ಎಂದು ಗೊತ್ತಾಗದೆ ಮುಂದಿನ ಸುತ್ತು ತಡವಾದರೆ ಆ ನಷ್ಟ ಮಗುವಿನದು. ಸಾರಿಗೆ ಹಾಕುವ ಚಿಟಿಕೆ ಅರಿಸಿನಕ್ಕೆ ಯಾರೂ ಹೆದರಬೇಕಾಗಿಲ್ಲ. ಅದರಲ್ಲಿ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಅತ್ಯಲ್ಪ. ನಾನು ಹೇಳುತ್ತಿರುವುದು ಸಾರ ಇಳಿಸಿದ ಮಾತ್ರೆಗಳ, ದಿನವೂ ಕುಡಿಯುವ ಕಷಾಯಗಳ ವಿಷಯ.

ಥಯೋಸಲ್ಫೇಟ್ ಕೈಗೆ ಸಿಗದ ಕಡೆ

ಒಪ್ಪಿಗೆ ಪಡೆದ ಈ ಔಷಧದ ಬೆಲೆ ಅಮೆರಿಕದಲ್ಲಿಯೇ ಬಹಳ ದುಬಾರಿ. ಅದು ಸಿಗದ ಕಡೆಯಲ್ಲಿಯೂ ಕಿವಿಗಾಗಿ ಮಾಡಬಹುದಾದದ್ದು ಸಾಕಷ್ಟಿದೆ, ಮತ್ತು ಅದಕ್ಕೆ ಹೆಚ್ಚು ಹಣ ಬೇಡ. ಸಿಸ್‌ಪ್ಲಾಟಿನ್ ಶುರುಮಾಡುವ ಮೊದಲೇ ಒಮ್ಮೆ ಶ್ರವಣ ಪರೀಕ್ಷೆ ಆಗಬೇಕು, ಆಮೇಲೆ ಸಾಧ್ಯವಾದಷ್ಟೂ ಪ್ರತಿ ಸುತ್ತಿಗೆ ಮೊದಲು. ಕೈ ಎತ್ತಲಾಗದ ಚಿಕ್ಕ ಮಗುವಿಗೆ ಕಿವಿಯೊಳಗಿನ ಪ್ರತಿಧ್ವನಿಯನ್ನು ಅಳೆಯುವ ಓಎಇ ಪರೀಕ್ಷೆ ಇದೆ. ಪರೀಕ್ಷೆ ಎಂಟು ಸಾವಿರ ಹರ್ಟ್ಜ್‌ವರೆಗೂ ನಡೆಯಬೇಕು. ಹಾನಿ ಆರಂಭವಾಗುವುದೇ ಅಲ್ಲಿ, ನಾಲ್ಕು ಸಾವಿರಕ್ಕೆ ನಿಲ್ಲಿಸಿದರೆ ಕಿವಿ ಚೆನ್ನಾಗಿದೆ ಎಂಬ ಸುಳ್ಳು ನೆಮ್ಮದಿ ಸಿಗುತ್ತದೆ. ಜ್ವರ ಬಂದಾಗ ಅಮಿಕಾಸಿನ್, ಜೆಂಟಾಮೈಸಿನ್‌ನಂಥ ಆ್ಯಂಟಿಬಯೋಟಿಕ್‌ಗಳಿಗೆ ಬದಲಿ ಇದ್ದರೆ ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅವೂ ಅದೇ ರೋಮಕೋಶಗಳನ್ನು ಕೊಲ್ಲುತ್ತವೆ.

ನಷ್ಟ ಕಂಡುಬಂದರೆ ಕಿಮೊಥೆರಪಿ ಮುಗಿಯುವವರೆಗೆ ಕಾಯದೆ ಶ್ರವಣ ಸಾಧನ ಹಾಕಿಸಬೇಕು, ಮಾತಿನ ತರಬೇತಿ ಶುರುವಾಗಬೇಕು. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿಯೇ ಇರುವುದು ಕರ್ನಾಟಕದ ಮಕ್ಕಳಿಗೆ ಇರುವ ದೊಡ್ಡ ಅನುಕೂಲ. ಕ್ಯಾನ್ಸರ್ ವಾರ್ಡಿನಿಂದ ಅಲ್ಲಿಗೆ ಒಂದು ಚೀಟಿ ಬರೆದುಕೊಡುವುದು ವೈದ್ಯರಿಗೆ ಎರಡು ನಿಮಿಷದ ಕೆಲಸ. ಶಾಲೆಗೆ ಸೇರಿಸುವಾಗ ಮಗುವನ್ನು ಮುಂದಿನ ಬೆಂಚಿನಲ್ಲಿ, ಟೀಚರ ಮುಖ ಕಾಣುವಂತೆ ಕೂರಿಸಬೇಕೆಂದು ತಾಯಿತಂದೆಯರು ಹೇಳಬೇಕು, ಕಾರಣವನ್ನೂ ತಿಳಿಸಬೇಕು. ಚಿಕಿತ್ಸೆ ಮುಗಿದಾಗ ಕಿವಿ ಸರಿಯಾಗಿದೆ ಎಂದು ಬಂದ ಮಗುವಿಗೂ ಪರೀಕ್ಷೆಯನ್ನು ನಿಲ್ಲಿಸುವಂತಿಲ್ಲ. ಕಾಕ್ಲಿಯದಲ್ಲಿ ಉಳಿದ ಪ್ಲಾಟಿನಂ ಅಲ್ಲಿಯೇ ಇರುತ್ತದೆ, ಕೆಲವು ಮಕ್ಕಳಲ್ಲಿ ನಷ್ಟ ತಲೆದೋರುವುದು ಕೊನೆಯ ಡ್ರಿಪ್ ತೆಗೆದ ಎಷ್ಟೋ ವರ್ಷಗಳ ಮೇಲೆ.